ದುರಗಿಯ ಕೈಗೊಂದು ಬ್ಯಾಟರಿ

ಗಂಗಾವತಿಯ ಶಬ್ಬೀರಸಾಬನ ಅಂಗಡಿಕಟ್ಟೆಯನ್ನು ಓಬಳೆಪ್ಪ ಅವತ್ತು ಎರಡು ಸಲ ಹತ್ತಿ ಇಳಿದಿದ್ದ. ಮೂರನೇ ಸಲಕ್ಕೆ ಸಾಬನೇ ಕರೆದ.

“ಒಳಗ ಬರ್ತಿಯೋ ಇಲ್ಲೋ? ಕಾಲಾಗ ಮುಳ್ಳು ಮುರದೈತೇನು?”

“ಇಲ್ರಿ ಸಾಬ್ರ. ಒಂದು ಬ್ಯಾಟರಿ ಬೇಕಾಗಿತ್ರಿ.”

“ಯಾಕ, ರಾತ್ರಿನೂ ಕಲ್ಲು ಒಡಿತಿಯೇನು?”

“ನನಗಲ್ರಿ. ಮಗಳಿಗೆ. ಐದು ತುಂಬಿ ಆರರಾಗ ಬಿದ್ದಾಳ.”

ಸಾಬ ಹೊಟ್ಟೆ ಹಿಡಿದು ನಕ್ಕ. ನಗುವಂಥ ಮಾತೇ ಅದು. ದೊಡ್ಡ ಯುದ್ಧ ಮುಗಿದು, ಆಗಷ್ಟೇ ಅಂಗಡಿಗಳಿಗೆ ಸೆಲ್ಲು ಮತ್ತೆ ಬರತೊಡಗಿದ್ದವು. ಬ್ಯಾಟರಿ ದೀಪ ಅಂದರೆ ಪೊಲೀಸ್ ಪಟೇಲನ ಕೈಯಲ್ಲಿರಬೇಕು, ಇಲ್ಲವೇ ಡಾಕ್ಟರನ ಕೈಯಲ್ಲಿ. ಹೇಮಗುಡ್ಡದ ಬುಡದಲ್ಲಿ ಕಲ್ಲು ಒಡೆಯುವವನು ಅದನ್ನು ಮಗಳಿಗೆ ಒಯ್ಯುತ್ತೇನೆಂದರೆ ಯಾರಾದರೂ ನಗುವವರೇ. ಹೆಂಡತಿ ಹುಲಿಗವ್ವನೂ ಬೆಳಿಗ್ಗೆ ಅದನ್ನೇ ಅಂದಿದ್ದಳು: “ಕೂಸಿಗೆ ಬಳಿ ತಾ, ಬೆಂಡು ಬೆತ್ತಾಸ ತಾ. ಬ್ಯಾಟರಿ ತಂದು ಅಕಿ ಕಡಿಂದ ಪಟೇಲ್ಕಿ ಮಾಡಸ್ತಿಯೇನು?”

ಅವನು ಕಂಬಳಿ ಹೆಗಲಿಗೇರಿಸಿಕೊಂಡು ಹೊರಟುಬಂದಿದ್ದ.

ಎರಡು ತಿಂಗಳಿಂದ ದುರಗಿ ಹೊತ್ತು ಮುಳುಗಿತೆಂದರೆ ಬೇರೆಯೇ ಕೂಸಾಗುತ್ತಿದ್ದಳು. ಹಗಲೆಲ್ಲ ಆಡಿನ ಮರಿಯ ಹಾಗೆ ಬಂಡೆಯಿಂದ ಬಂಡೆಗೆ ಜಿಗಿಯುವವಳು, ದೀಪ ಹಚ್ಚುವ ಹೊತ್ತಿಗೆ ಅವ್ವನ ಸೆರಗು ಹಿಡಿದು ಕೂತುಬಿಡುತ್ತಿದ್ದಳು. ಅಂಗಳ ದಾಟೆಂದರೆ ಚೀರುವಳು. ಓಬಳೆಪ್ಪನ ತಾಯಿ ಫಕೀರಮ್ಮ, ಹುಡುಗಿಗೆ ಗಾಳಿ ಸೋಕಿದೆ ಎಂದು ಗುಡ್ಡದ ದುರ್ಗವ್ವನ ದಾರ ತಂದು ಕಟ್ಟಿದಳು. ಚೀರುವುದು ನಿಲ್ಲಲಿಲ್ಲ.

ಒಂಬತ್ತು ದಿನದ ಹಿಂದೆ ರಾತ್ರಿ ಅವನು ಕೆಲಸದಿಂದ ಬಂದು ಉಣ್ಣಲು ಕೂತಿದ್ದ. ನೀರು ತಾ ಅಂದ. ಚರಿಗೆ ಹಿಡಿದು ಬಂದ ದುರಗಿ ನೇರ ಅವನ ತಾಟಿನಲ್ಲೇ ಕಾಲಿಟ್ಟಳು. ರೊಟ್ಟಿ, ಪಲ್ಯ, ನೀರು ಎಲ್ಲ ಒಂದಾದವು. ಬಿಸಿಲಿಗೆ ಬೆಂದು ಬಂದಿದ್ದ ಓಬಳೆಪ್ಪ, “ಕಣ್ಣು ಎಲ್ಲಿಟ್ಟೀ?” ಎಂದು ಕೆನ್ನೆಗೆ ಬಿಗಿದ. ಹುಡುಗಿ ಅಳಲಿಲ್ಲ. ಎರಡನೇ ಏಟು ಬಂದೀತೆಂದು ಎರಡೂ ಕೈ ಎತ್ತಿ ಅಡ್ಡ ಹಿಡಿದಳು. ಆದರೆ ಅಪ್ಪ ಕೂತ ಕಡೆಗಲ್ಲ, ಗೋಡೆಯ ಕಡೆಗೆ.

ಆ ಎರಡು ಕೈ ಅವನ ಕಣ್ಣಿಗೆ ಕಟ್ಟಿದವು. ಯಾಕೆ ಗೋಡೆಯ ಕಡೆಗೆ? ತಿಳಿಯಲಿಲ್ಲ. ಮರುದಿನ ಸುತ್ತಿಗೆ ಎತ್ತಿದರೆ ಉಳಿಯ ಮೇಲೆ ಬೀಳದೆ ಹೆಬ್ಬೆರಳ ಮೇಲೆ ಬಿತ್ತು. ನಿದ್ದೆ ಸರಿಯಾಗಿ ಬರಲಿಲ್ಲ, ಉಂಡದ್ದು ಮೈಗೆ ಹತ್ತಲಿಲ್ಲ. ಕೊನೆಗೆ ಒಂದು ದಾರಿ ಹೊಳೆಯಿತು: ಕತ್ತಲಿಗೆ ಅಂಜುವ ಕೂಸಿನ ಕೈಯಲ್ಲಿ ತನ್ನದೇ ಬೆಳಕು ಇದ್ದರೆ ಅಂಜಿಕೆ ಹೋದೀತು.

ಸಾಬ ಮೂರು ಬ್ಯಾಟರಿ ತೆಗೆದು ಮುಂದಿಟ್ಟ. ಮೊದಲನೆಯದು ಮೂರು ಸೆಲ್ಲಿನದು, ಒನಕೆಯಷ್ಟು ಉದ್ದ.

“ಇದನ್ನ ಹಚ್ಚಿದ್ರ ಗುಡ್ಡದ ಗುಡಿ ಕಾಣಸ್ತೈತಿ ನೋಡು.”

ಓಬಳೆಪ್ಪ ಎತ್ತಿ ನೋಡಿ ಕೆಳಗಿಟ್ಟ. “ಅಕಿಗಿಂತ ಇದ ಭಾರ ಐತ್ರಿ.”

ಎರಡನೆಯದು ಹಿತ್ತಾಳೆಯದು, ಫಳಫಳ ಹೊಳೆಯುತ್ತಿತ್ತು. ಅವನಿಗೆ ಮನಸ್ಸಾಯಿತು. ಕಿಸೆಯಿಂದ ಒಂದು ದಾರ ತೆಗೆದ. ಹಿಂದಿನ ರಾತ್ರಿ ದುರಗಿ ಮಲಗಿದಾಗ ಅವಳ ಮುಷ್ಟಿಗೆ ಸುತ್ತಿ ಗಂಟು ಹಾಕಿ ತಂದ ಅಳತೆ ಅದು. ಬ್ಯಾಟರಿಗೆ ಸುತ್ತಿದರೆ ದಾರದ ತುದಿಗಳು ಕೂಡಲಿಲ್ಲ. ಗುಂಡಿಯೂ ಬಿಗಿ. ಕಲ್ಲು ಹಿಡಿದು ಕಲ್ಲಾದ ಅವನ ಹೆಬ್ಬೆರಳಿಗೇ ಎರಡು ಸಲ ಒತ್ತಬೇಕಾಯಿತು.

ಮೂರನೆಯದು ಒಂದೇ ಸೆಲ್ಲಿನ ಸಣ್ಣ ತಗಡಿನದು, ಹಸಿರು ಬಣ್ಣದ್ದು. ದಾರ ಕೂಡಿತು. ಎಡಗೈ ಕಿರುಬೆರಳಿನಿಂದ ಒತ್ತಿ ನೋಡಿದ. ಗುಂಡಿ ಸುಲಭವಾಗಿ ಸರಿಯಿತು. ಹಗಲಲ್ಲಿ ಬೆಳಕು ಗೊತ್ತಾಗದೆ, ಹೆಗಲ ಮೇಲಿನ ಕಂಬಳಿಯನ್ನು ತಲೆ ತುಂಬ ಹೊದ್ದು ಅದರೊಳಗೆ ಹಚ್ಚಿದ. ದಾರಿಹೋಕರು ನಿಂತು ನೋಡಿದರು.

“ಕೆಳಗ ಬಿದ್ರ?” ಕಂಬಳಿಯೊಳಗಿಂದಲೇ ಕೇಳಿದ.

“ಬಿದ್ರ ಗಾಜು ಒಡಿತೈತಿ. ಕೂಸೂ ಬೀಳ್ತದ. ಅದಕ್ಕ ಕೂಸ ಬ್ಯಾಡ ಅಂತೀವೇನು?”

ಅಂಗಡಿಯ ಹಿಂದೆ ಪರದೆಯ ಮರೆಯಲ್ಲಿ ಅಕ್ಕಿ ಆರಿಸುತ್ತಿದ್ದ ಸಾಬನ ತಾಯಿ ಕಾಸೀಮಬೀ ಇದನ್ನೆಲ್ಲ ಕೇಳುತ್ತಿದ್ದಳು. ಪರದೆ ಸರಿಸಿ ಕೇಳಿದಳು:

“ಅಷ್ಟು ಸಣ್ಣ ಕೂಸಿಗೆ ಬ್ಯಾಟರಿ ಯಾಕಪಾ?”

“ಕತ್ತಲಕ್ಕ ಅಂಜತಾಳ್ರಿ ಅಮ್ಮಾ.”

“ಅಂಜತಾಳೋ, ಕಾಣಂಗಿಲ್ಲೋ?”

“ಕತ್ತಲಾಗ ಯಾರಿಗೆ ಕಾಣಸ್ತೈತ್ರಿ?” ಅಂದ ಓಬಳೆಪ್ಪ.

ಮುದುಕಿ ಇನ್ನೇನೋ ಹೇಳಹೊರಟಳು. ಅಷ್ಟರಲ್ಲಿ ಕಂದೀಲಿನ ಗಾಜು ಕೇಳಿಕೊಂಡು ನಾಲ್ಕೈದು ಜನ ನುಗ್ಗಿದರು. ಓಬಳೆಪ್ಪ ದುಡ್ಡು ಎಣಿಸಿಟ್ಟು, ಹಸಿರು ಬ್ಯಾಟರಿಯನ್ನು ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ಊರ ದಾರಿ ಹಿಡಿದ.

ದಾರಿಯುದ್ದಕ್ಕೂ ಮುದುಕಿಯ ಮಾತು ಗುಂಗಿಹುಳದ ಹಾಗೆ ಕಿವಿಯಲ್ಲಿ ಗುಂಯ್‌ಗುಟ್ಟಿತು. ಕತ್ತಲಲ್ಲಿ ಕಾಣುವುದಿಲ್ಲ ಸರಿ, ಆದರೆ ಅವತ್ತು ತಾಟಿನ ಪಕ್ಕದಲ್ಲೇ ಚಿಮಣಿ ದೀಪ ಉರಿಯುತ್ತಿತ್ತಲ್ಲ? ಗಂಟು ಬಿಚ್ಚಿ ಬ್ಯಾಟರಿ ಹಚ್ಚಿ ನೋಡಿದ, ಸೆಲ್ಲು ತೀರೀತೆಂದು ಆರಿಸಿದ, ಇನ್ನೊಂದು ಫರ್ಲಾಂಗು ನಡೆದು ಮತ್ತೆ ಹಚ್ಚಿದ. ಒಂದು ಹೊಲದ ಬದುವಿನಲ್ಲಿ ನೀರು ಕುಡಿಯಲು ಕೂತವನು ಕುಡಿಯುವುದನ್ನು ಮರೆತು ಎದ್ದುಬಿಟ್ಟ.

ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಚಿಮಣಿ ಹಚ್ಚಿ ಹುಲಿಗವ್ವ ರೊಟ್ಟಿ ಬಡಿಯುತ್ತಿದ್ದಳು. ದುರಗಿ ಅವಳ ಬೆನ್ನಿಗಂಟಿ ಕೂತಿದ್ದಳು. ಓಬಳೆಪ್ಪ ಮಗಳ ಕೈಯಲ್ಲಿ ಬ್ಯಾಟರಿ ಇಟ್ಟು, ಅವಳ ಹೆಬ್ಬೆರಳನ್ನು ಗುಂಡಿಯ ಮೇಲೆ ಕೂಡಿಸಿದ.

ಬೆಳಕು ಹೊರಗೆ ಚಿಮ್ಮಿತು. ದುರಗಿ ಬೆಚ್ಚಿದಳು, ಆಮೇಲೆ ನಕ್ಕಳು. ಬೆಳಕನ್ನು ಗೋಡೆಯ ಮೇಲೆ ಆಡಿಸಿದಳು, ಅಜ್ಜಿಯ ಕಾಲಿನ ಮೇಲೆ ಹಾಯಿಸಿದಳು. ಹೊರಳಿ ಅವ್ವನ ಮುಖಕ್ಕೆ ಹಿಡಿದವಳು ಕೂಗಿಬಿಟ್ಟಳು.

“ಯವ್ವಾ! ನಿನ್ನ ಮಾರಿ ಬಂತು!”

“ಎಲ್ಲಿ ಹೋಗಿತ್ತು ನನ್ನ ಮಾರಿ?” ಹುಲಿಗವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನಕ್ಕಳು.

“ಹೊತ್ತು ಮುಣುಗಿದ ಮ್ಯಾಲೆ ಎಲ್ಲಾರ ಮಾರಿನೂ ಹೋಗತಾವಲ್ಲ. ಬರೇ ದನಿ ಉಳಿತಾವ.”

ಹುಲಿಗವ್ವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಓಬಳೆಪ್ಪ ಮೆಲ್ಲಗೆ ಮಗಳ ಕೈಯಿಂದ ಬ್ಯಾಟರಿ ತೆಗೆದು ಆರಿಸಿದ. ಚಿಮಣಿಯ ಬೆಳಕಿನಲ್ಲಿ ಮೂರು ಬೆರಳು ಎತ್ತಿ ಹಿಡಿದ.

“ಇದು ಎಷ್ಟವ್ವಾ?”

ದುರಗಿ ಕತ್ತು ಆ ಕಡೆ ಈ ಕಡೆ ಹೊರಳಿಸಿದಳು. ಆಮೇಲೆ ಗಾಳಿಯಲ್ಲಿ ಕೈಯಾಡಿಸಿ, ಅವನ ಮುಂಗೈ ಹುಡುಕಿ, ಬೆರಳುಗಳನ್ನು ಮುಟ್ಟಿ ಎಣಿಸಿದಳು.

“ಮೂರು,” ಅಂದಳು. ಬೆರಳು ಬಿಡದೆಯೇ ಕೇಳಿದಳು: “ಎಪ್ಪಾ, ನಿಮಗ ಮುಟ್ಟಲಾರದ ಗೊತ್ತಾಗತೈತೇನು?”

ಓಬಳೆಪ್ಪ ಎದ್ದು ಹೊರಗೆ ಹೋದ. ಅಂಗಳದಲ್ಲಿ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ತಿರುಗಿದ. ಹೊಡೆದ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಕಂಕುಳಲ್ಲಿ ಅವುಚಿಕೊಂಡ.

ಮರುದಿನ ಕೋಳಿ ಕೂಗುವ ಮೊದಲೇ ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಗಂಗಾವತಿಗೆ ಹೊರಟ. ಸಾಬನ ಅಂಗಡಿ ಇನ್ನೂ ತೆರೆದಿರಲಿಲ್ಲ. ಬಾಗಿಲು ಬಡಿದ. ಕಾಸೀಮಬೀ ಹೊರಗೆ ಬಂದು ದುರಗಿಯ ಗದ್ದ ಹಿಡಿದು, ಬೆಳಕಿಗೆ ತಿರುಗಿಸಿ, ರೆಪ್ಪೆ ಎತ್ತಿ ನೋಡಿದಳು.

“ಬಿಳಿಗುಡ್ಡಿ ಹೆಂಗ ಒಣಗೈತಿ ನೋಡು. ನಿನ್ನೆ ಹೇಳಬೇಕಂತ ಬಾಯಿಗೆ ಬಂದಿತ್ತು. ಇರುಳುಗಣ್ಣು ಇದು. ನಮ್ಮ ತಮ್ಮಗ ಬಂದಿತ್ತು.”

“ಹೋಗತೈತೇನ್ರಿ ಅಮ್ಮಾ?” ಓಬಳೆಪ್ಪ ಕೇಳಿದ.

“ತಡಾ ಮಾಡಿದ್ರ ಹಗಲಿಂದೂ ಹೋಗತೈತಿ. ಈಗ ಬಂದಿ, ಛಲೋ ಆತು. ಏನ್ ಉಣ್ಣಸ್ತೀರಿ?”

“ರೊಟ್ಟಿ, ಖಾರ... ಸಿಕ್ಕ ದಿನ ಪಲ್ಯ.”

“ನುಗ್ಗಿ ತಪ್ಪಲ ದಿನಾ ಹಾಕು. ಆಡಿನ ಈಲಿ, ಕಲೇಜಿ, ಸಿಕ್ಕಾಗ ಸುಟ್ಟು ತಿನ್ನಸು. ಮೊದಲ ದವಾಖಾನಿಗೆ ನಡಿ, ಮೀನೆಣ್ಣಿ ಕೊಡತಾರ. ಏ ಶಬ್ಬೀರ, ಇವ್ರ ಜೋಡಿ ಹೋಗು, ಇವನ ಕಾಲು ನೆಲದ ಮ್ಯಾಲಿಲ್ಲ.”

ದವಾಖಾನೆಯ ಡಾಕ್ಟರೂ ಮುದುಕಿ ಹೇಳಿದ್ದನ್ನೇ ಹೇಳಿ ಒಂದು ಬಾಟಲಿ ಮೀನೆಣ್ಣೆ ಕೊಟ್ಟರು. ಅದರ ನಾತಕ್ಕೆ ದುರಗಿ ಮನೆ ಸುತ್ತ ಓಡುವಳು, ಫಕೀರಮ್ಮ ಹಿಡಿಯುವಳು, ಹುಲಿಗವ್ವ ಕುಡಿಸುವಳು. ಓಬಳೆಪ್ಪ ಮಾತ್ರ ಹಗಲೆಲ್ಲ ಸೂರ್ಯನನ್ನೇ ನೋಡುತ್ತಿದ್ದ. ಎಂದಿಗೆ ಸಂಜೆಯಾದೀತು ಎಂದು ತಹತಹ. ದಿನಾ ಮಗಳ ಮುಂದೆ ಕೂತು ಬೆರಳು ಎತ್ತುವನು. ನಾಲ್ಕು ದಿನ, ಐದು ದಿನ, ಆರು ದಿನ ಕೈಯಾಡಿಸಿಯೇ ಎಣಿಸಿದಳು.

“ದಿನಾ ಪರೀಕ್ಷಾ ಮಾಡಿ ಕೂಸಿನ ಜೀವಾ ತಿನ್ನಬ್ಯಾಡ,” ಎಂದು ಹುಲಿಗವ್ವ ರೇಗಿದಳು. ಅವನು ಬೆರಳು ಎತ್ತುವುದನ್ನು ಬಿಟ್ಟ, ಆದರೆ ಕೂತಲ್ಲಿ ಕೂಡಲಿಲ್ಲ.

ಎರಡು ವಾರ ಕಳೆದಿರಬೇಕು. ಸಂಜೆ ಅವನು ಗುಡ್ಡದಿಂದ ಬಂದು ಕಟ್ಟೆಯ ಮೇಲೆ ಕೂತಿದ್ದ. ದುರಗಿ ಎದುರಿಗೆ ಬಂದು ನಿಂತಳು. ಚಿಮಣಿ ಒಳಗಿತ್ತು, ಬಾಗಿಲಿನಿಂದ ಒಂದಿಷ್ಟು ಬೆಳಕು ಬೀಳುತ್ತಿತ್ತು.

“ಎಪ್ಪಾ, ನಿನ್ನ ಮೀಸಿಗೆ ಕಲ್ಲಿನ ಹುಡಿ ಹತ್ತೈತಿ.”

ಅವನು ಕೇಳಿದ: “ಎಲ್ಲಿ? ಯಾವ ಕಡಿ?”

ಅವಳು ನೆಟ್ಟಗೆ ಕೈ ಚಾಚಿ, ಅವ್ವ ಸೆರಗಿನಿಂದ ಒರೆಸುವ ಹಾಗೆಯೇ, ಅವನ ಎಡಗಡೆಯ ಮೀಸೆಯನ್ನು ಲಂಗದ ತುದಿಯಿಂದ ಒರೆಸಿದಳು. ಓಬಳೆಪ್ಪ ಅವಳ ಕೈಯನ್ನು ಹಿಡಿದು, “ನಾ ಅವತ್ತು ಹೊಡೀಬಾರದಿತ್ತವ್ವಾ,” ಅಂದ. ಅವಳು, “ಯಾವತ್ತು?” ಅಂದಳು.

ಅಲ್ಲಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಸಾಲುಗುಡಿಸಲಿನಲ್ಲಿ ಅದೇ ರೊಟ್ಟಿ, ಅದೇ ಖಾರ ತಿನ್ನುವ ಮಕ್ಕಳು ಇನ್ನೂ ಎಷ್ಟೋ ಇದ್ದರು. ಜೊತೆಯಲ್ಲಿ ಕಲ್ಲು ಒಡೆಯುವ ಮಾರೆಪ್ಪ ತನ್ನ ಕಿರಿಮಗಳನ್ನು ಅಂಜುಬುರುಕಿ ಎಂದು ಎಲ್ಲರೆದುರು ಆಡಿಕೊಂಡದ್ದು ನೆನಪಾಯಿತು. ಮರುದಿನ ದೀಪ ಹಚ್ಚುವ ಹೊತ್ತಿಗೆ ಅವನ ಗುಡಿಸಲಿಗೆ ಹೋಗಿ ಇರುಳುಗಣ್ಣಿನ ಮಾತು ತೆಗೆದ.

“ನನ್ನ ಮಗಳಿಗೆ ಕುರುಡಿ ಅನ್ನಾಕ ಬಂದಿಯೇನು?” ಎಂದು ಮಾರೆಪ್ಪ ಸಿಟ್ಟಿಗೆದ್ದ.

“ಅನ್ನಾಕ ಬಂದಿಲ್ಲೋ ಮಾರ್ಯಾ. ನಾ ಹೊಡದು ಕೆಟ್ಟೀನಿ, ನೀ ಕೆಡಬ್ಯಾಡ ಅಂತ ಬಂದೀನಿ.”

ಆ ಮಾತಿಗೆ ಮಾರೆಪ್ಪನ ಸಿಟ್ಟು ಇಳಿಯಿತು. ತಾನೇ ಮಗಳನ್ನು ದೀಪದ ಹತ್ತಿರ ಕೂಡಿಸಿ, ಮುಂದೆ ಒಂದು ಬೆಲ್ಲದ ಚೂರು ಇಟ್ಟ. “ತಗೋ ನೋಡೋಣ,” ಅಂದ. ಕೂಸಿನ ಕೈ ಬೆಲ್ಲ ಬಿಟ್ಟು ನೆಲವನ್ನೆಲ್ಲ ಸವರಿತು. ಮಾರೆಪ್ಪ ಹೆಂಡತಿಯ ಮುಖ ನೋಡಿದ. ಆಮೇಲೆ ಗೂಟಕ್ಕೆ ಸಿಕ್ಕಿಸಿದ್ದ ರುಮಾಲು ತೆಗೆದುಕೊಂಡು ಹೊಸ್ತಿಲಲ್ಲಿ ನಿಂತು ಕೇಳಿದ:

“ಆ ದವಾಖಾನಿ ಎಷ್ಟೊತ್ತಿಗೆ ತೆಗಿತಾರ?”