ಎರಡು ವೆಲೆಂತ್ಸೆ

"ನಿಮಗೆ ಟಿಕೆಟೇ ಬೇಡಮ್ಮಾ," ಎಂದಳು ಗಾಜಿನಾಚೆಯ ಹೆಂಗಸು. "ಅರವತ್ತೈದು ದಾಟಿದವರಿಗೆ ದೇಶದೊಳಗೆಲ್ಲ ಪುಕ್ಕಟೆ. ದಕ್ಷಿಣ ನಿಲ್ದಾಣಕ್ಕೆ ಹೋಗಿ ಸುಮ್ನೆ ಹತ್ಕೊಳ್ಳಿ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ವೆಲೆಂತ್ಸೆ."

ಎತೆಲ್ಕಾಳ ಕಿವಿ ಬಿಸಿಯಾಯಿತು. ಬುಡಾಪೆಸ್ಟಿನ ಪೂರ್ವ ನಿಲ್ದಾಣದಲ್ಲಿ, ಪರದೇಶದ ರೈಲುಗಳಿಗೆಂದೇ ಇರುವ ಈ ಕೌಂಟರಿನೆದುರು ಸರತಿಯಲ್ಲಿ ನಿಂತಷ್ಟು ಹೊತ್ತೂ ಕೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಸೆಯುತ್ತಿದ್ದಳು. ಬಾಯಿಗೆ ಬಂದದ್ದು ಹೆಸರೊಂದೇ. ಹಂಗೇರಿಯವರ ನಾಲಿಗೆಗೆ ಇಟಲಿಯ ವೆನಿಸ್ ಕೂಡ ವೆಲೆಂತ್ಸೆ. ರಾಜಧಾನಿಯ ಮಗ್ಗುಲಲ್ಲೇ ಇರುವ, ಜೊಂಡು ಬೆಳೆದ ಕೆರೆಯ ದಂಡೆಯ ಊರೂ ವೆಲೆಂತ್ಸೆ.

"ಆ ವೆಲೆಂತ್ಸೆ ಅಲ್ಲಮ್ಮ," ಎಂದಳು ಮೆಲ್ಲಗೆ. "ಇಟಲೀದು."

ಬೆನ್ನ ಹಿಂದೆ ನಿಂತಿದ್ದ ಗಂಡ ಅಂಬ್ರುಶ್ ಮುಂದೆ ಬಾಗಿದ. ಕೆರೆಯ ರೈಲಿನ ಹೊತ್ತು ಕೇಳಬೇಕು ಎಂದು ಅವನನ್ನು ಎಬ್ಬಿಸಿಕೊಂಡು ಬಂದಿದ್ದಳು.

"ಏನೇ ಇದು? ವೆಲೆಂತ್ಸೆಗೆ ಅಂದಿದ್ದೆ?"

"ವೆಲೆಂತ್ಸೆಗೇ. ಮದುವೆಯಾದಾಗ ನೀನೂ ಹಾಗೇ ಅಂದಿದ್ದೆಯಲ್ಲ."

ಆಗ ಅವಳು ಹೊಲಿಗೆ ಕಾರ್ಖಾನೆಯಲ್ಲಿದ್ದಳು. ಗಂಡ ವೆಲೆಂತ್ಸೆಗೆ ಕರೆದೊಯ್ಯುತ್ತಾನೆಂದು ಯಂತ್ರಗಳ ಸಾಲುಸಾಲಿಗೂ ಸಾರಿ, ಗೆಳತಿಯ ಬಿಳಿ ಚಪ್ಪಲಿ ಎರವಲು ತಂದಿದ್ದಳು. ರೈಲು ಕೆರೆಯ ಬಳಿ ನಿಂತಾಗ ಅಂಬ್ರುಶ್ ಬೆಳ್ಳುಳ್ಳಿ ಸವರಿದ ಬಿಸಿ ಕರಿದ ರೊಟ್ಟಿ ಕೈಗಿಟ್ಟು, "ನೀರಿದೆ, ದೋಣಿ ಇದೆ, ಇನ್ನೇನು ಬೇಕು ರಾಣಿಗೆ?" ಎಂದು ನಕ್ಕಿದ್ದ. ಕಾರ್ಖಾನೆಯ ಹುಡುಗಿಯರು ಅಲ್ಲಿಂದಾಚೆ ಅವಳನ್ನು ಕೆರೆರಾಣಿ ಎಂದೇ ಕರೆದರು. ನೆಂಟರಿಷ್ಟರ ಊಟಗಳಲ್ಲೆಲ್ಲ ಅವನು ಆ ಕಥೆ ಹೇಳುತ್ತಿದ್ದ. ಅವಳೂ ನಗುತ್ತಿದ್ದಳು. ಯಾವಾಗಲೋ ನಗುವುದನ್ನು ಬಿಟ್ಟಿದ್ದಳು. ಅವನು ಅದನ್ನು ಗಮನಿಸಿರಲಿಲ್ಲ.

"ವಿಯೆನ್ನಾದಲ್ಲಿ ರೈಲು ಬದಲಾಯಿಸಬೇಕು," ಕೌಂಟರಿನವಳು ಪರದೆ ನೋಡುತ್ತ ಹೇಳಿದಳು. "ಮಂಗಳವಾರ ಎರಡು ಸೀಟಿದೆ. ಬೇರೆ ಬೇರೆ ಬೋಗಿ. ಕಾದಿರಿಸಲಾ?"

"ಒಂದು ಸಾಕು," ಎಂದ ಅಂಬ್ರುಶ್. "ಅವಳು ಹೋಗಿ ಬರಲಿ."

"ಎರಡು," ಎಂದಳು ಎತೆಲ್ಕಾ.

"ಮನೇಲೇ ತೀರ್ಮಾನ ಮಾಡ್ಕೊಂಡು ಬರಬಾರದಾ ಅಜ್ಜಿ?" ಹಿಂದಿನಿಂದ ಯಾರೋ ಗೊಣಗಿದರು.

"ನಲವತ್ತು ವರ್ಷದಿಂದ ಮನೇಲೇ ಮಾಡ್ತಿದ್ದೀವಪ್ಪ, ಆಗ್ತಾ ಇಲ್ಲ."

ಸರತಿಯಲ್ಲಿ ನಗೆ ಎದ್ದಿತು. ಕೌಂಟರಿನವಳೂ ನಕ್ಕಳು. "ಗಡಿಯಲ್ಲಿ ಕೇಳಿದರೆ ತೋರಿಸೋಕೆ ಗುರುತಿನ ಕಾರ್ಡು ಇದೆ ತಾನೆ, ಇಬ್ಬರ ಹತ್ರಾನೂ?"

ಅಂಬ್ರುಶ್ ನಗಲಿಲ್ಲ. "ಅದೇ," ಎಂದ. "ನನ್ನನ್ನ ಬಿಡಲ್ಲ."

"ಯಾರು ಬಿಡಲ್ಲ?"

"ಆ ಕಮ್ಯುನಿಸ್ಟರ ಕಾಲದಲ್ಲಿ ಇಟಲಿಗೆ ಅಂತ ಪಾಸ್‌ಪೋರ್ಟು ಕೇಳಿದ್ದೆ ಕಣೇ. ಮದುವೆಗೆ ಮುಂಚೆ. ಕಚೇರಿಯವನು ನನ್ನ ಫೋಟೋನ ಉಗುರಲ್ಲಿ ಕೆರೆದು, 'ಈ ಮುಖ ಹೋದರೆ ವಾಪಸ್ ಬರೋ ಮುಖ ಅಲ್ಲ' ಅಂದ. ನಿಂಗೆ ಹೇಗೆ ಹೇಳಲಿ? ನೀನು ಊರಿಗೆಲ್ಲ ಸಾರಿಬಿಟ್ಟಿದ್ದೆ. ಕೆರೆಗೂ ಅದೇ ಹೆಸರಿತ್ತು."

ಎತೆಲ್ಕಾ ಪೂರ್ತಿ ಅವನತ್ತ ತಿರುಗಿದಳು.

"ಹೇಳಬಾರದಿತ್ತಾ, ಮುದುಕಾ?"

"ನಗಿಸೋದು ಸುಲಭ ಇತ್ತು."

"ಈಗ ಪಾಸ್‌ಪೋರ್ಟೇ ಬೇಡ ಮಾವ," ಎಂದಳು ಕೌಂಟರಿನವಳು, ಪರದೆಯಿಂದ ಕಣ್ಣು ತೆಗೆಯದೆ. "ಕಾರ್ಡು ಸಾಕು."

ಅಂಬ್ರುಶ್ ತನ್ನ ಬೂಟಿನ ತುದಿ ನೋಡುತ್ತ ನಿಂತ.

"ಬೇರೆ ಬೇರೆ ಬೋಗಿ ಬೇಡ," ಎಂದ ಕೊನೆಗೆ. "ಬೇರೆ ದಿನ ನೋಡಿ."

"ಗುರುವಾರ ಅಕ್ಕಪಕ್ಕ ಇದೆ. ಒಂದಕ್ಕೆ ಕಿಟಕಿ."

"ಕಿಟಕಿ ಅವಳಿಗೆ."

ಯಂತ್ರ ಟಿಕೆಟುಗಳನ್ನು ಉಗುಳತೊಡಗಿತು. ಅಂಬ್ರುಶ್ ಒಳಜೇಬಿನಿಂದ ಗುರುತಿನ ಕಾರ್ಡು ತೆಗೆದು ಗಾಜಿನ ಕೆಳಗಿನ ಸಂದಿಯಲ್ಲಿ ಒಳಗೆ ತಳ್ಳಿದ. ತೋರಿಸು ಎಂದು ಯಾರೂ ಕೇಳಿರಲಿಲ್ಲ. ಕೌಂಟರಿನವಳು ಬೇಡವೆನ್ನಲು ಬಾಯಿ ತೆರೆದವಳು ಅವನನ್ನು ನೋಡಿ ಕೈ ಚಾಚಿದಳು. ಕಾರ್ಡನ್ನು ದೀಪದ ಬೆಳಕಿಗೆ ಹಿಡಿದು, ಫೋಟೋವನ್ನೊಮ್ಮೆ ಅವನ ಮುಖವನ್ನೊಮ್ಮೆ ನಿಧಾನವಾಗಿ ನೋಡಿದಳು. ಅಂಬ್ರುಶ್ ಟೋಪಿ ತೆಗೆದು, ಅವಳು ನೋಡಿ ಮುಗಿಸುವವರೆಗೆ ನೆಟ್ಟಗೆ ನಿಂತಿದ್ದ.