ಸಖೂವಾಡಿಯ ಮೂರನೆಯ ಸಾಲು

“ಇಂಗ್ಲೆಂಡಿನಾಗ ನಲವತ್ತು ಮನಿ ಹಳ್ಳಿಗೂ ಅದು ಎಲ್ಲದ, ಹೆಸರು ಹ್ಯಾಂಗ ಬಂತು ಅಂತ ಬರದಿಟ್ಟಾರ. ನಮ್ಮೂರೇನು ಪಾಪ ಮಾಡ್ಯದೋ ದೇವಿದಾಸ?” ಎಂದು ಬಸವಣಪ್ಪ ಸಾವಕಾರರು ಮೊಬೈಲು ಎತ್ತಿ ತೋರಿಸಿದರು. ಬಾಣಂತನಕ್ಕೆ ಬಂದಿದ್ದ ಮಗಳು ಅನುರಾಧಾ ಅದನ್ನು ಓದಿ ಹೇಳಿದ್ದಳಂತೆ.

ರಸ್ತೆ ಬದಿಗೆ ನೆಟ್ಟ ಊರಿನ ಹೊಸ ಬೋರ್ಡಿನ ಮುಂದೆ ದೇವಿದಾಸ ಕುಂಚವನ್ನು ಬಣ್ಣದ ಡಬ್ಬಿಯಲ್ಲಿ ಅದ್ದಿದ. “ಆ ಊರಿಗೆ ಯಾರ ಹೆಸರದರಿ?”

“ಯಾವನೋ ಹಂದಿ ಸಾಕಾಂವಂದು. ಸಾವಿರ ವರ್ಷದ ಹಿಂದ ಇದ್ದನಂತ.”

“ಅವನ ಮೊಮ್ಮಕ್ಕಳೇ ಬರಸ್ಯಾರೇನ್ರಿ?”

“ನೀ ಸುಮ್ಮ ಬರಿ.”

ದೇವಿದಾಸನಿಗೆ ಹುಮನಾಬಾದಿನಲ್ಲಿ ಬೋರ್ಡು ಬರೆಯುವ ಅಂಗಡಿಯಿದೆ. ಔಷಧ ಅಂಗಡಿಗಳಿಂದ ಹಿಡಿದು ಟ್ರಾಕ್ಟರಿನ ನಂಬರಿನವರೆಗೆ ಎಲ್ಲವನ್ನೂ ಬರೆದಿದ್ದಾನೆ. ತನ್ನೂರಿನ ಹೆಸರು ಬರೆಯುವುದು ಇದೇ ಮೊದಲು. ಒಂದನೇ ಸಾಲು: ಸಖೂವಾಡಿ. ಎರಡನೇ ಸಾಲು: ಮನ್ನಾಏಖೇಳ್ಳಿಗೂ ಕೊಡಂಬಲಕ್ಕೂ ನಡುವೆ, ಹುಣಸೆಮರದ ಎಡಕ್ಕೆ. ಎಡಕ್ಕೆ ಎಂದರೆ ಮನ್ನಾಏಖೇಳ್ಳಿಯಿಂದ ಬರುವವರಿಗೆ. ಕೊಡಂಬಲದಿಂದ ಬರುವವರು ತಾವೇ ತಿಳಿದುಕೊಳ್ಳಬೇಕು. ಹೇಗೂ ಎರಡೂ ಕಡೆಯ ಬಸ್ಸು ಇಲ್ಲಿ ನಿಲ್ಲುವುದಿಲ್ಲ.

ತೊಡಕಿದ್ದದ್ದು ಮೂರನೇ ಸಾಲಿನಲ್ಲಿ. ಸಾವಕಾರರು ಕೊಟ್ಟ ಚೀಟಿಯಲ್ಲಿ “ಸಾವಕಾರ ಮನೆತನದ ಸಖೂಬಾಯಿಯವರಿಂದ ಈ ಹೆಸರು ಬಂದಿದೆ” ಎಂದಿತ್ತು. ಊರಿನ ಹೆಸರೆಂದ ಮೇಲೆ ಅದು ದೊಡ್ಡ ಮನೆಯವರದೇ ಇರುತ್ತದೆ ಎಂಬುದು ಅವರ ಸಂಶೋಧನೆ. ದೇವಿದಾಸನ ತಾಯಿ ಸೋನುಬಾಯಿ ಹೇಳುವುದೇ ಬೇರೆ. ಸಖೂಬಾಯಿ ತಮ್ಮ ಕೇರಿಯ ಸೂಲಗಿತ್ತಿ, ಸೋನುಬಾಯಿಯ ಅತ್ತೆಯ ಅತ್ತೆ. ಸುತ್ತಲಿನ ಹಳ್ಳಿಯವರು ಹೊತ್ತಲ್ಲದ ಹೊತ್ತಿನಲ್ಲಿ ಬಂಡಿ ಕಟ್ಟಿಕೊಂಡು “ಸಖೂನ ಮನಿ ಎಲ್ಲದ?” ಎಂದು ಕೇಳುತ್ತ ಬಂದು ಬಂದು ಊರಿಗೇ ಆ ಹೆಸರಾಯಿತು.

“ನಿನ್ನ ಕೈಯಾರೆ ಆಕೀನ್ನ ಅಳಸ್ತೀ?” ಎಂದಿದ್ದಳು ಮುದುಕಿ ಬೆಳಿಗ್ಗೆ. ಆಮೇಲೆ ಚಹಾ ಕೊಟ್ಟಿರಲಿಲ್ಲ. ಈಗ ಹುಣಸೆಮರದ ಕೆಳಗೆ ಕೂತು ಮಗನ ಕುಂಚವನ್ನೇ ನೋಡುತ್ತಿದ್ದಳು.

ದೇವಿದಾಸ ಎರಡನೇ ಸಾಲಿನ ಅಕ್ಷರಗಳನ್ನೇ ಮೂರು ಸಲ ತಿದ್ದಿದ. ನಾಲ್ಕನೇ ಸಲ ತಿದ್ದಲು ಏನೂ ಉಳಿದಿರಲಿಲ್ಲ.

ಅಷ್ಟರಲ್ಲಿ ಸಾವಕಾರರ ತಾಯಿ ರುಕ್ಮಿಣಿಬಾಯಿ ಮೊರ ಹೊತ್ತುಕೊಂಡು ಬಂದರು. ಮೊರದಲ್ಲಿ ಜೋಳ, ಬೆಲ್ಲ, ಒಂದು ಕುಬಸದ ಖಣ.

“ಇದ್ಯಾರಿಗವ್ವಾ?” ಎಂದರು ಸಾವಕಾರರು.

“ಅನುರಾಧಾನ ಕೂಸಿಗೆ ಇವತ್ತ ಐದನೇ ದಿನ ಅಲ್ಲೇನು? ಸಖೂನ ಮೊರ. ಸೋನವ್ವ, ನೀ ಮನ್ಯಾಗಿಲ್ಲಂತ ಇಲ್ಲೇ ತಂದೀನಿ, ಹಿಡಿ.”

ಸೋನುಬಾಯಿ ಎದ್ದು ಸೆರಗೊಡ್ಡಿದಳು.

“ಸಖೂಬಾಯಿ ನಮ್ಮ ಮನೀ ಹಿರಿಯಾಕಿ ಅಲ್ಲೇನವ್ವಾ? ಇವರ ಮನಿಗಿ ಯಾಕ?”

“ಯಾರಂದ್ರೋ ನಿನಗ? ಮನೀ ಹಿರೇರ ಎಡಿ ದೇವರ ಜಗಲಿ ಮುಂದ ಇಡ್ತಾರ. ಹಿತ್ತಲ ಬಾಗಲಿಂದ ಹೊರಗ ಕಳಿಸ್ತಾರೇನು? ನಿಮ್ಮಜ್ಜನ ಹೊಕ್ಕಳ ಕೊಯ್ದಾಕಿ ಆಕಿ. ಆವಾಗಿಂದ ನಮ್ಮನ್ಯಾಗ ಕೂಸು ಹುಟ್ಟಿದ್ರ ಆಕಿ ಮನಿಗಿ ಮೊರ ಹೋಗಾಕತ್ತದ. ದವಾಖಾನ್ಯಾಗ ಹುಟ್ಟಿದ್ರೂ ಬಿಟ್ಟಿಲ್ಲ.”

“ಮದ್ಲ ಯಾಕ ಹೇಳಿಲ್ಲ?”

“ಹಿತ್ತಲ ಬಾಗಲಕ್ಕ ನೀ ಯಾವಾಗ ಬಂದೀ?”

ಸಾವಕಾರರು ಚೀಟಿ ಇಸಿದುಕೊಂಡು ಓದಿ, ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟರು. ಸ್ವಲ್ಪ ಹೊತ್ತು ಊರು ಹುಣಸೆಮರದ ಎಡಕ್ಕೇ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿದರು.

“ಹಂದಿ ಸಾಕಾಂವಗಿಂತ ಸೂಲಗಿತ್ತಿ ಮೇಲೇ ಬಿಡು,” ಎಂದರು ಕೊನೆಗೆ. “ಬರಿ.”

ದೇವಿದಾಸ ಬರೆದ: ಸೂಲಗಿತ್ತಿ ಸಖೂಬಾಯಿಯಿಂದ ಈ ಹೆಸರು ಬಂದಿದೆ. ಇಷ್ಟು ಬೇಗ ಅವನು ಯಾವ ಸಾಲನ್ನೂ ಮುಗಿಸಿರಲಿಲ್ಲ.

“ಮತ್ತ ನನ್ನ ಹೆಸರು?”

“ಕೆಳಗ ‘ಬೋರ್ಡು ಹಾಕಿಸಿದವರು’ ಅಂತ ಬರ್ತದಲ್ರಿ.”

“ಅದೊಂದೀಟು ದಪ್ಪ ಇರಲಿ.”

“ಆಯ್ತ್ರಿ ಸಾವಕಾರ್ರ.”

ಕೊಡಂಬಲದ ಕಡೆಯಿಂದ ಬಂದ ಬಸ್ಸು, ಡ್ರೈವರ್ ಬೋರ್ಡು ಓದುತ್ತ ಓದುತ್ತ, ನಿಂತೇಬಿಟ್ಟಿತು. ಬಾಗಿಲೂ ತೆರೆಯಿತು. ಎಲ್ಲಿಗೂ ಹೋಗುವ ಕೆಲಸವಿಲ್ಲದ ಸೋನುಬಾಯಿ, ಸಖೂನ ಹೆಸರಿಗೆ ನಿಂತ ಬಸ್ಸನ್ನು ಬರಿದೇ ಕಳಿಸಬಾರದೆಂದು, ಉಡಿಯಲ್ಲಿ ಜೋಳ ಕಟ್ಟಿಕೊಂಡು ಹತ್ತಿದಳು.