ಕ್ವಿರಿನನಿಗೆ ಯಾವ ಪ್ರಾರ್ಥನೆ

೧೯೪೪ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ವಾಲ್‌ಬುರ್ಗಾ ಹೊಲದಲ್ಲಿ ಕೊಯ್ದ ಪೈರಿನ ಸಿವುಡು ಕಟ್ಟುತ್ತಿದ್ದಾಗ ಅಂಚೆಯವಳು ಬಂದು ಬದುವಿನ ಮೇಲೆ ನಿಂತಳು. ತಂದದ್ದು ಯುದ್ಧಕ್ಕೆ ಹೋಗಿದ್ದ ಮಗನ ಕಾಗದವಲ್ಲ. ಮಗನಿಗೆ ಇವಳೇ ಬರೆದಿದ್ದ ಆರು ಕಾಗದಗಳು, ದಾರದಲ್ಲಿ ಕಟ್ಟಿ ಬಂದಿದ್ದವು; ಒಂದನ್ನೂ ಯಾರೂ ಒಡೆದಿರಲಿಲ್ಲ. ಹೊಸ ವಿಳಾಸ ಬರುವವರೆಗೆ ಕಾಯಿರಿ ಎಂದು ಮೇಲೆ ಮೊಹರು ಹಾಕಿತ್ತು. ಅದೇ ದಿನ ಆ ಕಣಿವೆಯ ಒಂಬತ್ತು ಮನೆಗಳಿಗೆ ಅಂಥದೇ ಕಟ್ಟು ಬಂತು. ಹೋದದ್ದು ಒಬ್ಬ ಹುಡುಗನಲ್ಲ, ಅವರೆಲ್ಲರಿದ್ದ ಇಡೀ ಸೇನಾ ಡಿವಿಷನ್ ಎಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿಯಿತು.

ಅದು ಜರ್ಮನಿಯ ಬವೇರಿಯಾದ ಆ ಕಾಡುಗುಡ್ಡಗಳ ಮಕ್ಕಳಿಂದಲೇ ಕಟ್ಟಿದ ಡಿವಿಷನ್ನು. ಮರ ಕೊಯ್ಯುವವರು, ಗಾಜು ಊದುವವರು, ರೈತರ ಮಕ್ಕಳು. ಫ್ರಾನ್ಸಿಗೆ ಹೋದಾಗ ಅಲ್ಲಿಂದ ಮನೆಗಳಿಗೆ ಕಾಫಿಬೀಜ, ರೇಷ್ಮೆಯ ಕಾಲುಚೀಲ ಬಂದಿದ್ದವು. ರಷ್ಯಾಕ್ಕೆ ಹೋದ ಮೇಲೆ ಬಂದದ್ದು ಸಾವಿನ ಸುದ್ದಿ ಮಾತ್ರ. ಖಾಲಿಯಾದಷ್ಟು ಸಲವೂ ಹೊಸ ಹುಡುಗರನ್ನು ತುಂಬಿದರು. ಹಾಗೆ ಮೂರನೆಯ ಸಲ ತುಂಬಿದವರಲ್ಲಿ ಗಾಜು ಊದುವ ಕ್ವಿರಿನ್ ಒಬ್ಬ; ವಾಲ್‌ಬುರ್ಗಾಳಿಗೆ ಉಳಿದಿದ್ದ ಒಬ್ಬನೇ ಮಗ.

ಕಾಣೆಯಾಗಿದ್ದಾನೆ ಎಂದು ಸೈನ್ಯದವರು ಬರೆದರು. ಆ ಒಂದು ಮಾತು ಅವಳನ್ನು ಅರೆಯಿತು. ಬದುಕಿರುವವನಿಗೆ ಒಂದು ಪ್ರಾರ್ಥನೆ, ಸತ್ತವನಿಗೆ ಇನ್ನೊಂದು. ಸ್ವರ್ಗ ಸೇರುವ ಮುಂಚೆ ಸತ್ತವನ ಆತ್ಮ ಪಾಪ ಕಳೆಯುವ ಶುದ್ಧೀಕರಣದ ಬೆಂಕಿಯಲ್ಲಿ ನಿಂತು ತನ್ನವರ ಪ್ರಾರ್ಥನೆಗಾಗಿ ಕಾಯುತ್ತದೆ. ತನಗೆ ತಾನೇ ಏನೂ ಮಾಡಿಕೊಳ್ಳಲಾರದು. ಇಗರ್ಜಿಯಲ್ಲಿ ಮೃತರ ಪೂಜೆ ಮಾಡಿಸಿದರೆ ಬದುಕಿರುವ ಮಗನನ್ನು ತಾನೇ ಹೂತಂತೆ. ಮಾಡಿಸದಿದ್ದರೆ, ಸತ್ತ ಮಗನನ್ನು ಬೆಂಕಿಯಲ್ಲಿ ಮರೆತಂತೆ.

ಆ ಸೀಮೆಯಲ್ಲಿ ಹೆಣವನ್ನು ಒಂದು ಹಲಗೆಯ ಮೇಲೆ ಮಲಗಿಸುತ್ತಾರೆ. ಮಣ್ಣಾದ ಮೇಲೆ ಆ ಹಲಗೆಗೆ ಹೆಸರು ಬರೆದು ದಾರಿಯ ಬದಿಗೆ ನೆಡುತ್ತಾರೆ. ಹಾದುಹೋಗುವವರು ಆ ಹೆಸರಿಗೆ ಒಂದು ಪ್ರಾರ್ಥನೆ ಹೇಳಬೇಕು. ಎರಡು ವರ್ಷ ಕಾದು ಎಂಟು ಮನೆಯವರು ಹೆಣವಿಲ್ಲದ ಹಲಗೆಗಳನ್ನೇ ನೆಟ್ಟರು. ಇವಳು ನೆಡಲಿಲ್ಲ. ಮಗ ಕ್ಷೇಮವಾಗಿ ಬರಲೆಂದು ದಿನವೂ ಜಪಸರ ಎಣಿಸಿದಳು.

"ನಿನ್ ಮಗನೊಬ್ಬನ್ನ ದೇವರು ಜೇಬಲ್ಲಿಟ್ಕೊಂಡು ಕಾಯ್ತಿದಾನೇನೇ?" ಎಂದಳು ಪಕ್ಕದ ಮನೆಯ ಆಫ್ರಾ. ಅವಳ ಇಬ್ಬರು ಮಕ್ಕಳ ಹಲಗೆಗಳೂ ದಾರಿಯಲ್ಲಿದ್ದವು. ವಾಲ್‌ಬುರ್ಗಾ ಜಪಸರದ ಮುಂದಿನ ಮಣಿ ಸರಿಸಿದಳು.

೧೯೪೯ರ ಡಿಸೆಂಬರಿನಲ್ಲಿ, ಕ್ವಿರಿನನ ತುಕಡಿಯಲ್ಲೇ ಇದ್ದ ಲೋರೆನ್ಸ್ ರಷ್ಯಾದ ಸೆರೆಯಿಂದ ಪಕ್ಕದ ಊರಿಗೆ ಮರಳಿದನೆಂದು ಸುದ್ದಿ ಬಂತು. ಅವಳು ಹಿಮ ತುಳಿದುಕೊಂಡು ಹೋದಳು. ಅವನು ಒಲೆಯ ಮುಂದೆ ಕೂತು ಸೌದೆ ಸಿಗಿಯುತ್ತಿದ್ದ. ಮೊದಲು ಅದೂ ಇದೂ ಮಾತಾಡಿದ.

"ಅವ್ನು ನಮ್ಮನ್ನ ನಗಿಸ್ತಿದ್ದ ಅಮ್ಮ. ಡಿವಿಷನ್ ಅಂದ್ರೆ ಹದಿನೈದು ಸಾವಿರ ಜೊತೆ ಬೂಟು, ಅದ್ರಲ್ಲಿ ಒಂದು ಜೊತೆನೂ ನನ್ ಕಾಲಿಗಾಗಲ್ಲ ಅಂತಿದ್ದ."

"ಅದಿರ್ಲಿ ಮಗ. ಇದಾನೋ ಇಲ್ವೋ, ಅದನ್ನ ಹೇಳು."

ಅವನು ಕೊಡಲಿ ಕೆಳಗಿಟ್ಟ. ಒಂದು ಹೆಜ್ಜೆಯೂ ಹಿಂದೆ ಸರಿಯಬಾರದೆಂದು ಅಪ್ಪಣೆಯಿತ್ತಂತೆ. ಸರಿಯಿರಿ ಎಂದಾಗ ಹೊತ್ತು ಮೀರಿತ್ತು. ಶತ್ರುವಿಗೆ ಒಂದು ಸೂರೂ ಸಿಗಬಾರದೆಂದು, ಓಡುವ ದಾರಿಯಲ್ಲಿದ್ದ ಹಳ್ಳಿಗೆ ಬೆಂಕಿಯಿಟ್ಟರು. ಮರುದಿನ ಮುಂದಿನ ದಾರಿ ಕಟ್ಟಿಹೋಗಿ, ಅದೇ ಹಳ್ಳಿಗೆ ಹಿಂದಿರುಗಬೇಕಾಯಿತು. ಆ ಹೊತ್ತಿಗೆ ಕ್ವಿರಿನನ ಹೊಟ್ಟೆಗೆ ಸಿಡಿದ ಶೆಲ್ಲಿನ ಚೂರು ಹೊಕ್ಕಿತ್ತು. ಗಾಯಗೊಂಡವರನ್ನು ಮಲಗಿಸಲು ಒಂದು ಸೂರೂ ಉಳಿದಿರಲಿಲ್ಲ. ಬಿಸಿಲಲ್ಲಿ ಬೂದಿಯ ಮೇಲೆ ಮಲಗಿಸಿದರು. ನೀರು ಕೇಳಿದ. ಬಾವಿಯ ಏತವನ್ನು ಇವರೇ ಸುಟ್ಟಿದ್ದರು. ಮಧ್ಯಾಹ್ನದೊಳಗೆ ಹೋದ, ಜೂನ್ ಕೊನೆಯಲ್ಲಿ ಬರುವ ಸಂತ ಪೇತ್ರ ಪೌಲರ ಹಬ್ಬದ ಹಿಂದಿನ ದಿನ. ಕಣ್ಣು ಮುಚ್ಚಿದವನು ಲೋರೆನ್ಸನೇ.

"ಆ ಊರವ್ರು ಯಾರೂ ಇರ್ಲಿಲ್ವಾ?"

"ಇದ್ರು. ದೂರ ನಿಂತು ನೋಡ್ತಿದ್ರು."

 ಬೆಂಕಿ ಹಚ್ಚಿದವರಲ್ಲಿ ತನ್ನ ಮಗನೂ ಇದ್ದನೇ ಎಂದು ವಾಲ್‌ಬುರ್ಗಾ ಕೇಳಿದಳು.

"ಎಲ್ರೂ ಹಚ್ಚಿದ್ವಿ ಅಮ್ಮ. ಬಾವಿ ಪಕ್ಕದ ಮನೆ ಅವ್ನ ಪಾಲಿಗೆ ಬಂದಿತ್ತು."

"ಒಳಗೆ ಯಾರಾದ್ರೂ ಇದ್ರಾ?"

"ನಾವು ನೋಡ್ಲಿಲ್ಲ."

ಅವಳು ಮನೆಗೆ ಹೋಗಲಿಲ್ಲ. ನೇರ ಇಗರ್ಜಿಗೆ ಹೋದಳು. ಐದು ವರ್ಷ ತಪ್ಪು ಪ್ರಾರ್ಥನೆ ಹೇಳಿದ್ದಳು. ಯಾರಿಗಿಂತಲೂ ಹೆಚ್ಚಾಗಿ ತಾಯಿಯ ಪ್ರಾರ್ಥನೆ ಬೇಕಾಗಿದ್ದ ಮಗ ಬರಿಗೈಯಲ್ಲಿ ಕಾದಿದ್ದ. ಮೃತರ ಪೂಜೆ ಯಾರಿಗೆಂದು ಪಾದ್ರಿಗಳು ಕೇಳಿದಾಗ, ಕ್ವಿರಿನನಿಗೆ ಎಂದಳು. ಮತ್ತೆ, ಆ ಬಾವಿ ಪಕ್ಕದ ಮನೆಯವರಿಗೂ ಎಂದಳು. ಅವರ ಹೆಸರೇನು, ಅವರು ಸತ್ತರೇ, ತಪ್ಪಿಸಿಕೊಂಡರೇ ಎಂದು ಪಾದ್ರಿಗಳು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಅವಳು ಕಲ್ಲುನೆಲದ ಮೇಲೆ ಮಂಡಿಯೂರಿದಳು.

"ಪ್ರಭುವೇ, ಅವರು ಬದುಕಿದ್ದರೆ ತಲೆಯ ಮೇಲೊಂದು ಸೂರು ಕೊಡು. ಸತ್ತಿದ್ದರೆ ಅವರನ್ನು ಮೊದಲು ಕರೆದುಕೋ, ನನ್ನ ಮಗನನ್ನು ಅವರ ಹಿಂದೆ ಕರೆದುಕೋ. ಅವನು ಮಾಡಿದ್ದನ್ನು ಎಂದೆಂದಿಗೂ ಅವನ ಮೇಲೆ ಹೊರಿಸಿಡಬೇಡ. ಬಾಯಾರಿ ಹೋದವನು, ಅವನಿಗೆ ನೀರು ಕೊಡು, ನಿನ್ನ ಬೆಳಕು ಕೊಡು, ಎಂದೂ ಕದಡದ ಶಾಂತಿ ಕೊಡು. ಆಮೆನ್."